ಗುಂಡಿಯ ಮೇಲಿನ ಹೆಬ್ಬೆರಳು

ಗೋದಾಮಿನ ಕಾವಲುಗಾರರಿಗೆಲ್ಲ ವಾಕಿಟಾಕಿ ಬಂದದ್ದೇ ತಡ, ಅವರ ಮುಖ್ಯಸ್ಥನಿಗೆ ಕೊಂಬು ಮೂಡಿತು. ಗುಂಡಿ ಒತ್ತಿದರೆ ಮಾತು ಹೋಗುತ್ತದೆ, ಬಿಟ್ಟರೆ ಮಾತು ಬರುತ್ತದೆ. ಅವನು ಕಲಿತದ್ದು ಒತ್ತುವುದನ್ನು ಮಾತ್ರ. ಒಬ್ಬ ಒತ್ತಿ ಹಿಡಿದರೆ ಉಳಿದವರೆಲ್ಲರ ಬಾಯಿಗೂ ಬೀಗ. ಮನೆಯಲ್ಲಿ ಯಾವ ಗುಂಡಿಯೂ ಇಲ್ಲದೆ ಇದನ್ನು ಸಾಧಿಸಿದ್ದ ಮಹಾನುಭಾವ. "ಅವ್ರು ಉಸಿರು ಎಳ್ಕೊಳ್ಳೋ ಹೊತ್ತಲ್ಲಿ ಉಪ್ಪು ಮುಗಿದಿದೆ ಅಂದ್ಬಿಡ್ತೀನಿ" ಎನ್ನುತ್ತಿದ್ದಳು ಹೆಂಡತಿ.

ದಿನಾ ಬೆಳಿಗ್ಗೆ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಅವನು ವಾಕಿಟಾಕಿಯಲ್ಲಿ ಎಲ್ಲರ ತಲೆ ಕೊರೆಯುತ್ತಿದ್ದದ್ದು ಎಚ್ಚರದ ಬಗ್ಗೆ. ತಾನು ಹೂಂ ಅನ್ನದೆ ಯಾರನ್ನೂ ತಡೆಯಕೂಡದೆಂಬ ಕಟ್ಟಪ್ಪಣೆಯೂ ಅವನದೇ. ಹಿಂದೊಮ್ಮೆ ಗೇಟಿನವನು ಮಾಲೀಕರ ಭಾವಮೈದುನನನ್ನೇ ತಡೆದು ಇವನಿಗೆ ಬೈಗುಳ ತಿನ್ನಿಸಿದ್ದ.

ಮೊನ್ನೆ ಹೀಗೇ ಕೊರೆಯುತ್ತಿದ್ದಾಗ, ಗುರುತಿಲ್ಲದವನೊಬ್ಬ ಮುಖ್ಯಸ್ಥನದೇ ಸ್ಕೂಟರ್ ಏರಿ ಹೊರಗೆ ಹೋಗಲು ಗೇಟಿಗೆ ಬಂದ. ಎಚ್ಚರದ ಗುರುಗಳು ಕೀಲಿಯನ್ನು ಸ್ಕೂಟರಿನಲ್ಲೇ ಮರೆತಿದ್ದರು. ತಡೆಯಲೋ ಬೇಡವೋ ಎಂದು ಕೇಳಲು ಗೇಟಿನವನು ಗುಂಡಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಬಿಟ್ಟಾಗೆಲ್ಲ ಸಾಹೇಬರದೇ ದನಿ. ಕಳ್ಳನೂ ಪಾಪ, ಸ್ವಲ್ಪ ಹೊತ್ತು ಕಾದು ಹಾರ್ನ್ ಹೊಡೆದ. ಗೇಟಿನವನು ಅಪ್ಪಣೆ ಮೀರಲಿಲ್ಲ. ಸಲಾಮು ಹೊಡೆದು ಗೇಟು ತೆಗೆದ.

ಮಾತಾಡುತ್ತಲೇ ಹೊರಗೆ ಬಂದ ಮುಖ್ಯಸ್ಥನಿಗೆ ಸ್ಕೂಟರ್ ನಿಂತಿದ್ದ ಕಡೆ ಎಣ್ಣೆಯ ಕಲೆ ಮಾತ್ರ ಕಂಡಿತು.

"ನನ್ ಸ್ಕೂಟರ್ ಎಲ್ರೋ? ಯಾಕ್ರೋ ಒಬ್ರೂ ಹೇಳ್ಲಿಲ್ಲ? ಸುಮ್ನೆ ಯಾಕಿದೀರಾ, ಬಾಯಿ ಬಿಡ್ರೋ!" ಎಂದು ವಾಕಿಟಾಕಿಗೆ ಅರಚಿದ. ಉತ್ತರ ಬರಲಿಲ್ಲವೆಂದು ಇನ್ನೂ ಜೋರಾಗಿ ಅರಚಿದ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.