ಅಪ್ಪನ ಎಡೆಗೆ ಮೂರು ಮನೆಯ ಬದನೆಕಾಯಿ

ಹಿರಿಯರ ಹಬ್ಬಕ್ಕೆ ಮನೆಗೊಂದು ಅಡುಗೆ ಮಾಡಿಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳಿದವನು ನಾನೇ. ಆದ್ದರಿಂದ ಆವತ್ತು ನಡೆದದ್ದಕ್ಕೆ ಬೇರೆ ಯಾರನ್ನೂ ಬೈಯುವ ಹಕ್ಕು ನನಗಿಲ್ಲ. ಆದರೂ ಬೈಯುತ್ತೇನೆ.

ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡವರಿಗೆ ಎಡೆ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅವ್ವ ಚಳ್ಳಕೆರೆಯಲ್ಲಿ ನಮ್ಮ ಜೊತೆ ಇರುವುದರಿಂದ ಹಬ್ಬವೂ ನಮ್ಮ ಮನೆಯಲ್ಲೇ. ಮೊಳಕಾಲ್ಮೂರಿನಿಂದ ಅಣ್ಣ, ಅತ್ತಿಗೆ, ಬಿ.ಜಿ. ಕೆರೆಯಿಂದ ತಂಗಿ, ಗೌರಸಮುದ್ರದಿಂದ ಅಪ್ಪನ ಗೆಳೆಯರೊಬ್ಬರು, ಇಷ್ಟು ಜನ ಬರಲೇಬೇಕು. ಅವರನ್ನು ನಾವು ದೊಡ್ಡಪ್ಪ ಎನ್ನುತ್ತೇವೆ. ರಕ್ತಸಂಬಂಧವೇನೂ ಇಲ್ಲ, ಶೇಂಗಾ ಮೂಟೆಯ ಸಂಬಂಧ. ಇಬ್ಬರೂ ಒಂದೇ ಗಾಡಿಯಲ್ಲಿ ಚಳ್ಳಕೆರೆ ಮಂಡಿಗೆ ಶೇಂಗಾ ತಂದು, ಒಂದೇ ಬೀಡಿ ಕಟ್ಟಿನಲ್ಲಿ ಸೇದಿಕೊಂಡು ವಾಪಸ್ಸು ಹೋಗುತ್ತಿದ್ದವರು.

ಹಿಂದಿನ ವರ್ಷ ಅಷ್ಟೂ ಜನಕ್ಕೆ ಅವ್ವ ಒಬ್ಬಳೇ ಬೇಯಿಸಿದಳು. ಬೇಡವೆಂದರೆ ಕೇಳಲಿಲ್ಲ. ಆಮೇಲೆ ಒಂದು ವಾರ ಮಂಡಿನೋವು ಎಂದು ಮಂಚ ಹಿಡಿದು, ಆ ಒಂದು ವಾರವೂ ನನ್ನ ಹೆಂಡತಿ ಮಾಡಿದ ಸಾರಿಗೆ ಹುಳಿ ಹೆಚ್ಚಾಯಿತು ಎಂದಳು. ಹಾಗಾಗಿ ಈ ಸಲ ನನಗೊಂದು ಬುದ್ಧಿ ಹೊಳೆಯಿತು. ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಮನೆಯಿಂದ ಒಂದೊಂದು ತಂದು ಹಂಚಿಕೊಂಡು ಉಣ್ಣುತ್ತೇವೆ. ಒಬ್ಬರಿಗೂ ಹೊರೆಯಿಲ್ಲ. ಅದನ್ನೇ ಮನೆಗೆ ತಂದರೆ ಹೇಗೆ?

ವಾಟ್ಸಾಪ್ ಗುಂಪಿನಲ್ಲಿ ಬರೆದೆ: ‘ಅನ್ನ, ಮುದ್ದೆ, ಸಾರು, ಹೋಳಿಗೆ ನಮ್ಮ ಮನೆಯದು. ಅಪ್ಪನಿಗೆ ಇಷ್ಟವಾದದ್ದು ಏನಾದರೂ ಒಂದನ್ನು ಎಲ್ಲರೂ ಮಾಡಿಕೊಂಡು ಬನ್ನಿ.’

ಹೆಂಡತಿ ನನ್ನ ಭುಜದ ಮೇಲಿಂದ ಓದಿದಳು. “ಏನಾದರೂ ಅಂತ ಬರೀಬ್ಯಾಡ್ರಿ. ನೀವು ಇದು ತನ್ನಿ, ನೀವು ಅದು ತನ್ನಿ ಅಂತ ಬರೀರಿ.”

“ಅವರೇನು ಸಣ್ಣ ಮಕ್ಕಳಾ?”

“ನಿಮ್ಮ ಮನೆಯವ್ರು ಕಣ್ರೀ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಅಣ್ಣ ಕೈಮುಗಿದ ಚಿತ್ರ ಕಳಿಸಿದ. ತಂಗಿ ಹೆಬ್ಬೆರಳು ಕಳಿಸಿದಳು. ಏನು ತರುತ್ತೀರಿ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಕೈಮುಗಿದದ್ದು, ಹೆಬ್ಬೆರಳು. ದೊಡ್ಡಪ್ಪನಿಗೆ ಅಂಥ ಫೋನಿಲ್ಲ, ಮಾತಾಡಿದೆ. “ಲೇ, ನಿಮ್ಮಪ್ಪಂಗೆ ಏನು ಇಷ್ಟ ಅಂತ ನೀನು ನನಗೆ ಹೇಳಿಕೊಡ್ತೀಯೇನ್ಲೇ? ಇಡು ಫೋನು,” ಎಂದರು.

ಹಬ್ಬದ ದಿನ ಹನ್ನೊಂದಕ್ಕೆಲ್ಲ ಬನ್ನಿ ಎಂದಿದ್ದೆ. ಎಡೆಗೆ ಇಡುವ ಅಡುಗೆಯನ್ನು ರುಚಿ ನೋಡುವಂತಿಲ್ಲ, ಎಡೆ ಇಡುವ ತನಕ ಯಾರೂ ಉಣ್ಣುವಂತಿಲ್ಲ. ಅಣ್ಣನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಬೀಳಬೇಕು. ಹೊತ್ತಿಗೆ ಸರಿಯಾಗಿ ಬರದೆ ಇದ್ದವನೂ ಅವನೇ. ತಂಗಿ ಹನ್ನೆರಡಕ್ಕೆ ಬಸ್ಸಿಳಿದು ಆಟೋದವನ ಜೊತೆ ಜಗಳವಾಡಿಕೊಂಡು ಬಂದಳು. ದೊಡ್ಡಪ್ಪ ಬೆಳಿಗ್ಗೆ ಒಂಬತ್ತಕ್ಕೇ ಬಂದು ಕಟ್ಟೆಯ ಮೇಲೆ ಕೂತು, ಹಸಿವೆ ಹಸಿವೆ ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದರು. ಅಣ್ಣ ಬಂದಾಗ ಒಂದು ಗಂಟೆ ದಾಟಿತ್ತು. ನಾನು ಕೇಳಿದ್ದಕ್ಕೆ, “ನಿಮ್ಮತ್ತಿಗೇದು ಒಗ್ಗರಣೆ ಆಗಿರ್ಲಿಲ್ಲ,” ಎಂದು ಹೆಂಡತಿಯ ಮೇಲೆ ಹಾಕಿದ.

ಅತ್ತಿಗೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕ್ಯಾರಿಯರ್ ಬಿಚ್ಚಿದರು. ಶೇಂಗಾ, ಹುಚ್ಚೆಳ್ಳು ಪುಡಿ ತುಂಬಿದ ಎಣ್ಣೆಗಾಯಿ. “ಗುತ್ತಿವಂಕಾಯಿ. ಮಾವಂಗೆ ಪ್ರಾಣ ಅಲ್ವಾ?” ಎಂದರು. ಅವರ ತವರು ಆಂಧ್ರದ ಗಡಿಗೆ ಅಂಟಿಕೊಂಡ ಊರು. ಅಡುಗೆಯ ಹೆಸರೆಲ್ಲ ತೆಲುಗಿನಲ್ಲೇ ಬರುತ್ತವೆ.

ತಂಗಿಯ ಮುಖ ಸಣ್ಣಗಾಯಿತು. ಅವಳ ಡಬ್ಬಿಯಲ್ಲಿ ಇದ್ದದ್ದು ಬದನೆಕಾಯಿ ಪಲ್ಯ.

ದೊಡ್ಡಪ್ಪ ಬಟ್ಟೆಯಲ್ಲಿ ಕಟ್ಟಿದ ಪಾತ್ರೆಯನ್ನು ಮುಂದೆ ತಳ್ಳಿದರು. ಕೆಂಡದಲ್ಲಿ ಸುಟ್ಟು ಹಿಸುಕಿದ ಬದನೆಕಾಯಿ ಗೊಜ್ಜು. “ನಮ್ಮ ಸೊಸೆ ಕೈಲಿ ಮಾಡಿಸ್ಕೊಂಡು ಬಂದೆ. ಮಂಡಿಗೆ ಬಂದ ದಿನ ಹೋಟ್ಲಲ್ಲಿ ಇದನ್ನ ಎರಡು ಸಲ ಹಾಕಿಸ್ಕೊಳ್ಳೋನು ಆ ಪುಣ್ಯಾತ್ಮ.”

ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಮೂರು ಊರಿಂದ ಮೂರು ಪಾತ್ರೆ ಬಂದು ಮೂರರಲ್ಲೂ ಬದನೆಕಾಯಿ ಎನ್ನುವುದಕ್ಕಲ್ಲ. ನನಗೆ ಬುದ್ಧಿ ಬಂದ ಮೇಲೆ ನಮ್ಮ ಮನೆಯೊಳಗೆ ಬದನೆಕಾಯಿ ಬಂದದ್ದೇ ಅದು ಮೊದಲ ಸಲ ಎನ್ನುವುದಕ್ಕೆ.

ಅಪ್ಪನಿಗೆ ಬದನೆಕಾಯಿ ಆಗುತ್ತಿರಲಿಲ್ಲ. ಮೈ ಕೆರೆಯುತ್ತದೆ ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದರಂತೆ. ಅವ್ವನ ತವರಿನಲ್ಲಿ ಬಾವಿಯ ಪಕ್ಕ ಬದನೆ ಪಾತಿಗಳೇ ಇದ್ದವು. ಮುದ್ದೆಗೆ ಬದನೆಕಾಯಿ ಇಲ್ಲದಿದ್ದರೆ ಅವಳಿಗೆ ಊಟವೇ ಅಲ್ಲ. ಅಂಥವಳು ಗಂಡನಿಗೆ ಆಗುವುದಿಲ್ಲ ಎಂದು ಬಿಟ್ಟಳು. ಬರೀ ಬಿಟ್ಟಳೇ? ಮದುವೆ ಮನೆಯಲ್ಲಿ ಬಡಿಸುವವರು ಬಂದರೆ ಹೆಂಗಸರ ಸಾಲಿನಿಂದಲೇ ಕೂಗಿ, “ಅವರಿಗೆ ಬದನೆಕಾಯಿ ಹಾಕ್ಬ್ಯಾಡ್ರಪ್ಪೋ!” ಎನ್ನುತ್ತಿದ್ದಳು. ನಾವು ಮೂವರು ಮಕ್ಕಳು ಅದರ ರುಚಿ ತಿಳಿಯದೆ ಬೆಳೆದೆವು. ನನ್ನ ಹೆಂಡತಿ ಬಂದ ಮೇಲೆ ಅವಳಿಗೂ ಅದೇ ಕಾನೂನು. ಅಪ್ಪ ತೀರಿಕೊಂಡು ಮೂರು ವರ್ಷವಾದರೂ ಯಾರೂ ಕಾನೂನು ತಿದ್ದಿರಲಿಲ್ಲ.

ಅವ್ವ ಕುರ್ಚಿಯ ಮೇಲೆ ಕೂತು ಮೂರು ಪಾತ್ರೆಗಳನ್ನೂ ನೋಡಿದಳು.

“ಯಾರ ಮನೇಲಿ ತಿಂದ್ರು ಅವರು?”

“ನಮ್ಮ ಮನೇಲೇ ಅತ್ತೆ. ಬಂದಾಗೆಲ್ಲ ನಾಲ್ಕು ನಾಲ್ಕು ತಿನ್ನೋರು,” ಎಂದರು ಅತ್ತಿಗೆ. ಅವರಿಗೆ ಇನ್ನೂ ವಾಸನೆ ಹತ್ತಿರಲಿಲ್ಲ.

“ನಮ್ಮ ಮನೇಲೂ ಕೇಳಿ ಮಾಡಿಸ್ಕೊಳ್ಳೋರು,” ಎಂದಳು ತಂಗಿ. “ನಿಮ್ಮವ್ವಂಗೆ ಹೇಳ್ಬ್ಯಾಡ ಕಣವ್ವ ಅಂತಿದ್ರು. ವಯಸ್ಸಾದ ಮೇಲೆ ಕೆರೆತ ಹೋಗಿರ್ಬೇಕು ಅಂದ್ಕೊಂಡಿದ್ದೆ.”

“ಕೆರೆತ?” ದೊಡ್ಡಪ್ಪ ನಕ್ಕರು. ನಗಬಾರದಾಗಿತ್ತು. “ಯಾವ ಕೆರೆತ ಕಣವ್ವ? ಅವನಿಗೆ ಸೊಳ್ಳೆ ಕಚ್ಚಿದ್ರೂ ಕೆರೀತಿರ್ಲಿಲ್ಲ.”

ನಾನು ಕಣ್ಣಲ್ಲಿ ಸನ್ನೆ ಮಾಡಿದೆ. ಈ ದೊಡ್ಡಪ್ಪನಿಗೆ ಯಾವತ್ತು ಸನ್ನೆ ತಿಳಿದಿದೆ? “ಯಾಕ್ಲೇ ಕಣ್ಣು ಹೊಡೀತೀಯ? ಸತ್ತೋನ ಗುಟ್ಟು ಇನ್ಯಾರಿಗೆ ಕಾಯಬೇಕು?” ಎಂದು ಅವ್ವನ ಕಡೆ ತಿರುಗಿ ಹೇಳಿಯೇಬಿಟ್ಟರು. “ಹೊಸದಾಗಿ ಬಂದಾಗ ನೀನು ಬಲಿತ ಕಾಯಿ ಹಾಕಿ ಪಲ್ಯ ಮಾಡಿದ್ಯಂತೆ. ಬಾಯಿಗಿಡಕ್ಕಾಗದಷ್ಟು ಕಹಿ. ಕಹಿ ಅಂದ್ರೆ ಹುಡುಗಿ ಅತ್ತುಬಿಡ್ತಾಳೆ ಅಂತ, ನನಗೆ ಮೈ ಕೆರೆಯುತ್ತೆ ಅಂದ್ನಂತೆ. ಗಾಡೀಲಿ ಬರುವಾಗ ಹೇಳಿದ್ದ ನನಗೆ.”

“ಆಮೇಲಾದ್ರೂ ಹೇಳಕ್ಕೇನಾಗಿತ್ತು ಅಣ್ಣಾ?” ಎಂದು ಅವ್ವ ದೊಡ್ಡಪ್ಪನನ್ನು ಕೇಳಿದಳು.

“ಆಮೇಲೆ ನಾಚ್ಕೆ. ಇವತ್ತು ಹೇಳ್ತೀನಿ ನಾಳೆ ಹೇಳ್ತೀನಿ ಅನ್ನೋನು. ಅಷ್ಟರಲ್ಲಿ ಇವು ಮೂರು ಹುಟ್ಟಿದ್ವು.”

ಇವು ಮೂರೂ ತಲೆ ತಗ್ಗಿಸಿಕೊಂಡು ನಿಂತೆವು, ನಾವೇ ಏನೋ ತಪ್ಪು ಮಾಡಿದವರ ಹಾಗೆ.

ಅವ್ವ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಗೋಡೆಯ ಮೇಲಿದ್ದ ಅಪ್ಪನ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದಳು. ಅಪ್ಪ ಎಂದಿನ ಹಾಗೆ ಮೀಸೆಯ ಕೆಳಗೆ ಏನೂ ತಿಳಿಯದವರಂತೆ ಕೂತಿದ್ದರು. “ಬಾಯಿ ಬಿಟ್ಟು ಹೇಳಿದ್ರೆ ಮಾರನೇ ದಿನವೇ ಎಳೇ ಕಾಯಿ ತಂದು ಮಾಡ್ತಿರ್ಲಿಲ್ವಾ ನಾನು? ಅಷ್ಟೂ ಮಾಡಕ್ಕೆ ಬರ್ತಿರ್ಲಿಲ್ವಾ ನನಗೆ?” ಎಂದಳು. ಕೇಳಿದ್ದು ಫೋಟೋವನ್ನು.

ಅಷ್ಟರಲ್ಲಿ ಅಣ್ಣ, “ಎಡೆ ಇಡ್ರಪ್ಪ, ನನಗೆ ಕೈ ನಡುಗ್ತೈತೆ,” ಎಂದ. ಒಂದು ಗಂಟೆಗೆ ಬಂದವನು ಹೇಳುವ ಮಾತು!

ಫೋಟೋ ಇಳಿಸಿ, ಮುಂದೆ ಹೊಸ ಪಂಚೆ, ಟವೆಲು, ಬೀಡಿ ಕಟ್ಟು ಇಟ್ಟು ಬಾಳೆ ಎಲೆ ಹಾಸಿದೆವು. ಹೆಂಡತಿ ಒಂದೊಂದಾಗಿ ಬಡಿಸುತ್ತ ಬಂದು ಎಣ್ಣೆಗಾಯಿಯ ಪಾತ್ರೆಗೆ ಸೌಟು ಹಾಕಿದಳು.

“ಅದನ್ನ ಇಡಬ್ಯಾಡ,” ಎಂದಳು ಅವ್ವ.

ಹೆಂಡತಿಯ ಕೈ ಅಲ್ಲೇ ನಿಂತಿತು. ತಂಗಿ, “ಅವ್ವಾ, ಅಪ್ಪಂಗೆ ಇಷ್ಟ ಅಂತಾನೇ ಅಲ್ವಾ ಎಲ್ಲಾ ತಂದಿರೋದು? ವರ್ಷಕ್ಕೊಂದ್ಸಲ ಬರೋರು,” ಎಂದಳು.

“ಇಷ್ಟ ಅಂತ ನಿಮಗೆ ಹೇಳಿದಾರೆ. ನನಗೆ ಹೇಳಿರೋದು ಮೈ ಕೆರೆಯುತ್ತೆ ಅಂತ. ಅಲ್ಲಿ ಕೆರ್ಕೊಂಡು ಕೂತ್ರೆ ನೋಡೋರ್ಯಾರು?”

“ತಂಗೀ, ಸತ್ತೋರ ಮೇಲೆ ಹಟ ಬ್ಯಾಡ ಕಣವ್ವ,” ಎಂದು ದೊಡ್ಡಪ್ಪ ಅವ್ವನಿಗೆ ಹೇಳಿದರು. ಈಗ ಮೆತ್ತಗಾಗಿದ್ದರು.

“ಹಟ ಅಲ್ಲಣ್ಣ. ಬದನೆಕಾಯಿ ಇಲ್ದೆ ನಲವತ್ತು ವರ್ಷ ನಾನು ಉಂಡಿಲ್ವಾ? ಒಂದಿನ ಅವರು ಉಣ್ಲಿ.”

ಹೆಂಡತಿ ಸೌಟು ಹಿಂದಕ್ಕೆ ತೆಗೆದಳು. ಅಪ್ಪನ ಎಲೆಗೆ ಬದನೆಕಾಯಿ ಬೀಳಲಿಲ್ಲ.

ಪೂಜೆ ಮಾಡಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು. ಹಿರಿಯರು ಬಂದು ಉಣ್ಣುವಾಗ ನಾವು ಎದುರಿಗೆ ನಿಂತು ನೋಡಬಾರದು. ಎಡೆಗೆ ಇಡದ ಮೂರು ಪಾತ್ರೆಗಳನ್ನು ಒಳಗೆ ಬಿಡಲು ಅವ್ವ ಒಪ್ಪದ್ದರಿಂದ ಅವೂ ನಮ್ಮ ಜೊತೆ ಹೊರಗೆ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತವು. ಬೆಳಗಿನಿಂದ ಒಂದಗುಳು ಕಾಣದ ಹೊಟ್ಟೆ, ಮೂಗಿನ ಮುಂದೆ ಸುಟ್ಟ ಬದನೆಕಾಯಿಯ ಘಮ, ಮೇಲೆ ಚಳ್ಳಕೆರೆಯ ಬಿಸಿಲು. ಹೋಗುವವರು ಬರುವವರೆಲ್ಲ “ಎಡೆ ಆಯ್ತಾ?” ಎಂದು ಕೇಳುವುದು, ದೊಡ್ಡಪ್ಪ ಎಲ್ಲರಿಗೂ ಮೊದಲಿನಿಂದ ಕಥೆ ಹೇಳುವುದು. ನಾನು ತಡೆದಷ್ಟೂ ಅವರ ದನಿ ಏರಿತು. ಅತ್ತಿಗೆ, “ನನ್ದೇ ತಪ್ಪಾಯ್ತೇನೋ,” ಎಂದು ಮೂಗು ಒರೆಸಿಕೊಳ್ಳುತ್ತಿದ್ದರು. ಹೆಂಡತಿ ನನ್ನ ಪಕ್ಕ ಬಂದು ಮೆಲ್ಲಗೆ, “ನಿಮ್ಮಪ್ಪನ ದೆಸೆಯಿಂದ ಹನ್ನೆರಡು ವರ್ಷ ನಾನೂ ಬಿಟ್ಟಿದೀನಿ. ನನ್ನ ಲೆಕ್ಕ ಯಾರನ್ನ ಕೇಳ್ಲಿ?” ಎಂದಳು. ಏನಾದರೂ ಅಂತ ಬರೀಬ್ಯಾಡ್ರಿ ಅಂದಿದ್ದೆ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಬಾಗಿಲು ತೆಗೆದು, ಕೈಮುಗಿದು, ಊಟಕ್ಕೆ ಕೂತೆವು. ಅವ್ವ ಮೂರು ಪಾತ್ರೆಯಿಂದಲೂ ಹಾಕಿಸಿಕೊಂಡಳು. ಮೊದಲ ತುತ್ತು ಬಾಯಿಗೆ ಹೋದಾಗ ನಾವೆಲ್ಲ ಕೈ ನಿಲ್ಲಿಸಿ ಅವಳ ಮುಖವನ್ನೇ ನೋಡಿದೆವು. ನಲವತ್ತು ವರ್ಷದ ಮೇಲಿನ ತುತ್ತು.

“ಉಪ್ಪಿಲ್ಲ,” ಎಂದಳು.

ರುಚಿ ನೋಡದೆ ಮಾಡಿದ್ದಲ್ಲವೇ, ಮೂರಕ್ಕೂ ಉಪ್ಪು ಸಾಲದು. ಉಪ್ಪು ಉದುರಿಸಿಕೊಂಡು ಮೂರನ್ನೂ ಖಾಲಿ ಮಾಡಿ, ಎಣ್ಣೆಗಾಯಿ ಮತ್ತೆ ಎರಡು ಹಾಕಿಸಿಕೊಂಡಳು. ಅತ್ತಿಗೆಯ ಮುಖ ಅರಳಿತು. ದೊಡ್ಡಪ್ಪ ಅವಳನ್ನು ನೋಡಲಾಗದೆ ಎಲೆಯಲ್ಲಿ ಅನ್ನ ಕಲಸುತ್ತಲೇ ಇದ್ದರು.

ಮಾರನೆಯ ದಿನ ಬೆಳಿಗ್ಗೆ ಅವ್ವ ನನ್ನ ಕೈಗೆ ಚೀಲ ಕೊಟ್ಟಳು. “ಎಳೇ ಬದನೆಕಾಯಿ ತಗೊಂಡು ಬಾ. ತೊಟ್ಟು ಹಸಿರಿರ್ಬೇಕು. ಬಲಿತಿದ್ದು ತಂದ್ರೆ ನಿನ್ನ ತಲೆಗೇ ಕಟ್ತೀನಿ.” ಮಂಡಿನೋವಿನವಳನ್ನು ಒಲೆಯ ಮುಂದೆ ಕೂರಿಸಬಾರದು ಎಂದು ಇಷ್ಟೆಲ್ಲ ರಾಮಾಯಣ ಮಾಡಿದರೆ, ಅವಳು ಕುರ್ಚಿಯನ್ನೇ ಅಡುಗೆಮನೆಗೆ ಎಳೆಸಿಕೊಂಡು ಕೂತು, ನನ್ನ ಹೆಂಡತಿಯನ್ನು ಆ ಕಡೆ ಈ ಕಡೆ ಓಡಾಡಿಸುತ್ತ ತಾನೇ ಪಲ್ಯ ಮಾಡಿದಳು. ಒಂದು ಬಟ್ಟಲಿಗೆ ಹಾಕಿಕೊಂಡು ಹೋಗಿ ಫೋಟೋದ ಮುಂದೆ ಇಟ್ಟಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಈಗ ಹೇಳ್ರಿ. ಕಹಿ ಐತಾ?”

ಸ್ವಲ್ಪ ಹೊತ್ತು ಕಾದು, ಸೆರಗಿನಲ್ಲಿ ಫೋಟೋದ ಗಾಜು ಒರೆಸಿ ಒಳಗೆ ಬಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬದನೆಕಾಯಿ. ಎಣ್ಣೆಗಾಯಿ, ಗೊಜ್ಜು, ಪಲ್ಯ, ಹುಳಿ. ನಲವತ್ತು ವರ್ಷದ್ದು ಬಾಕಿ ತೀರಬೇಕಲ್ಲ. ಹೆಂಡತಿಯೂ ಅವಳ ಕಡೆ ಸೇರಿಕೊಂಡಿದ್ದಾಳೆ. ನನಗೋ, ಅದು ಹಿಡಿಸುತ್ತಿಲ್ಲ. ಆ ಬೀಜ, ಆ ಮೆತ್ತಗಿನ ಸಿಪ್ಪೆ, ಗಂಟಲಲ್ಲಿ ಇಳಿಯುವುದೇ ಇಲ್ಲ. ಮೂರು ವಾರ ಬಾಯಿ ಮುಚ್ಚಿಕೊಂಡು ಉಂಡೆ. ಆಮೇಲೆ ಅಪ್ಪನ ಫೋಟೋ ನೋಡಿ ಹೆದರಿಕೆಯಾಯಿತು. ಒಂದು ದಿನ ಮುದ್ದೆ ಮುರಿಯುವಾಗ ಹೇಳಿಯೇಬಿಟ್ಟೆ.

“ಅವ್ವಾ, ನನಗೆ ಬದನೆಕಾಯಿ ಹಿಡಿಸ್ತಾ ಇಲ್ಲ.”

ಅವ್ವ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

“ಹಂಗೆ ಬಾಯಿ ಬಿಟ್ಟು ಹೇಳ್ಬೇಕಪ್ಪ ಗಂಡಸು,” ಎಂದಳು. ಆಮೇಲೆ ಸೌಟು ತುಂಬ ಎಣ್ಣೆಗಾಯಿ ತೆಗೆದು ನನ್ನ ತಟ್ಟೆಗೆ ಹಾಕಿದಳು. “ಹೇಳಿದ್ಯಲ್ಲ, ಈಗ ಉಣ್ಣು.”