ನಾಲಿಗೆ ಅಕ್ಕ ಮತ್ತು ಒಂಬತ್ತನೇ ಮೂಟೆ

ನಮ್ಮ ಎದುರು ಮನೆಯವರನ್ನು ಕಟ್ಟಡದವರೆಲ್ಲ ನಾಲಿಗೆ ಅಕ್ಕ ಎಂದೇ ಕರೆಯುತ್ತಾರೆ. ಮೊದಲ ಸಲ ಆ ಹೆಸರು ಕೇಳಿದಾಗ ಜಗಳಗಂಟಿ ಇರಬೇಕು ಅಂದುಕೊಂಡು, ಆರು ತಿಂಗಳ ಮಗಳನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದು ನಿಂತಿದ್ದೆ. ಆಮೇಲೆ ನೋಡಿದರೆ ಅವರದು ಮಾತೇ ಕಡಿಮೆ. ನಾಲಿಗೆ ಅವರ ಕಸುಬು.

ಊರಿನಂಚಿನಲ್ಲಿ ನಾಯಿ, ಬೆಕ್ಕುಗಳ ಒಣ ಆಹಾರ ಮಾಡುವ ಸಣ್ಣ ಕಾರ್ಖಾನೆಯೊಂದಿದೆ. ಒಳಗೆ ಬರುವ ಪ್ರತಿ ಮೂಟೆಯನ್ನೂ ಮುಟ್ಟಿ, ಮೂಸಿ, ಬಾಯಿಗೆ ಹಾಕಿ ನೋಡಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆಯನ್ನೋ ಸೊನ್ನೆಯನ್ನೋ ಬರೆಯುವುದು ಅಕ್ಕನ ಕೆಲಸ. ಗೆರೆ ಬಿದ್ದದ್ದು ಗಿರಣಿಗೆ; ಸೊನ್ನೆ ಬಿದ್ದದ್ದು ಬಂದ ಲಾರಿಗೇ ವಾಪಸ್ಸು. ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಒಂದು ಗೋದಾಮಿನಲ್ಲಿ ಕಾಳಿನಿಂದ ಕಲ್ಲು ಆರಿಸುತ್ತಿದ್ದರು. ಒಂದು ದಿನ ಕಡಲೆಬೀಜ ಕಚ್ಚಿ, ಉಗಿದು, ‘ಇದು ಬೂಷ್ಟು ಹಿಡಿಯೋಕೆ ಶುರುವಾಗಿದೆ’ ಅಂದರಂತೆ. ಕಣ್ಣಿಗೆ ಏನೂ ಕಾಣದ ಬೀಜ. ಯಜಮಾನರು ನಕ್ಕರೂ ಮೂಟೆಯನ್ನು ಪಕ್ಕಕ್ಕಿಡಿಸಿದರು. ನಾಲ್ಕನೇ ದಿನ ಅದರ ಮೇಲೆ ಹಸಿರು ಕಂಡಿತು. ಅವರೇ ಮುಂದೆ ಈ ಕಾರ್ಖಾನೆ ಹಾಕಿದಾಗ, ಯಂತ್ರ ಕೊಳ್ಳುವ ಮೊದಲೇ ಈ ಹುಡುಗಿಯನ್ನು ಗೊತ್ತುಮಾಡಿಕೊಂಡರಂತೆ. ಅದಾಗಿ ಇಪ್ಪತ್ತಮೂರು ವರ್ಷ. ಗಂಡ ತೀರಿಕೊಂಡ ಮೇಲೆ ಅಕ್ಕ ಮತ್ತು ಅವರ ಅತ್ತೆ, ಇಬ್ಬರೂ ಆ ಒಂದು ಸಂಬಳದ ಮೇಲೆಯೇ ಇದ್ದಾರೆ.

ನನಗೋ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದದೆ ನಿದ್ದೆ ಬರುವುದಿಲ್ಲ. ಕಾರ್ಖಾನೆಯಲ್ಲಿ ಹೊಲಿಗೆ ಬಿಟ್ಟ ಚೀಲಗಳನ್ನು ಕೆಲಸದವರಿಗೇ ಕೊಟ್ಟುಬಿಡುತ್ತಾರೆ. ಅಕ್ಕ ತಮಗೆ ಸಿಕ್ಕಿದ್ದನ್ನು ನಮ್ಮ ನಾಯಿ ಸೋಮಾರಿಗೆ ತಂದುಕೊಡುತ್ತಿದ್ದರು. ನಾನು ಅದನ್ನು ಹಿಡಿದುಕೊಂಡು ಮತ್ತೆ ಅವರ ಬಾಗಿಲಿಗೇ ಹೋಗುತ್ತಿದ್ದೆ.

“ಅಕ್ಕ, ಇದರಲ್ಲಿ ಚಿಕೋರಿ ಬೇರು ಅಂತಿದೆ. ಕಡಲಪಾಚಿ ಅಂತಿದೆ. ಟೊಮೆಟೊ ಸಿಪ್ಪೆ ಬೇರೆ. ನಾಯಿಗೆ ಇವೆಲ್ಲ ಆಗುತ್ತಾ?”

“ನಿಮ್ಮ ಸೋಮಾರಿ ಮೊನ್ನೆ ನನ್ನ ಚಪ್ಪಲಿ ತಿಂದನಲ್ಲ, ಅದರ ಹಿಂದೆ ಏನು ಬರ್ದಿತ್ತು, ಓದಿದ್ಯಾ?”

“ತಮಾಷೆ ಬೇಡಿ ಅಕ್ಕ.”

“ಗಿಡದ ಹೆಸರು ಕೇಳಿ ಹೆದರಬೇಡ ತಾಯಿ. ಯಾವ ಜಾತಿ, ಎಷ್ಟು ಹಾಕಿದಾರೆ, ಹೇಗೆ ಹದ ಮಾಡಿದಾರೆ, ಅದನ್ನ ಕೇಳು. ಚಿಕೋರಿ ಬೇರು ನಿನಗೆ ಹೊಸದು, ಸ್ವಲ್ಪ ಹಾಕಿದ್ರೆ ಏನೂ ಆಗಲ್ಲ. ಈರುಳ್ಳಿ ದಿನಾ ಹೆಚ್ತೀಯ, ನಾಯಿಗೆ ಅದು ಆಗಿಬರಲ್ಲ. ತರಕಾರಿ ಪುಡೀಲಿ ಈರುಳ್ಳಿ ವಾಸನೆ ಬಂದ್ರೆ ನಾನು ಮೂಟೆಗೆ ಸೊನ್ನೆ ಹಾಕೋದೇ.”

ಅವರಿಗೆ ನಿಜವಾದ ಭಯವಿದ್ದದ್ದು ಒಂದೇ ಒಂದು ಸರಕಿಗೆ: ಲುಪಿನ್ ಎನ್ನುವ ಕಾಳು. ಅಂಗಿಯ ಗುಂಡಿಯ ಹಾಗೆ ಚಪ್ಪಟೆ, ನಸುಹಳದಿ. ಸಿಹಿಜಾತಿಯದ್ದನ್ನು ಹಿಟ್ಟು ಮಾಡಿ ಬಳಸಬಹುದು. ಕಹಿಜಾತಿಯದ್ದರಲ್ಲಿ ವಿಷದ ಅಂಶವಿರುತ್ತದೆ. ಬೇಯಿಸಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಹಾಕದೆ ತಿನ್ನುವಂತಿಲ್ಲ. ನೋಡಲು ಎರಡೂ ಅಕ್ಕತಂಗಿಯರ ಹಾಗೆ. ಮೂಟೆಗೆ ಐದು ಕಾಳು ತೆಗೆದು, ಕತ್ತರಿಸಿ, ಅಗಿದು, ಬೋಗುಣಿಗೆ ಉಗಿದು, ಬಾಯಿ ಮುಕ್ಕಳಿಸಿ ಅಕ್ಕ ತೀರ್ಪು ಕೊಡುತ್ತಿದ್ದರು. ಆ ತೀರ್ಪಿನ ಮೇಲೆ ನನ್ನ ನೆಮ್ಮದಿ ನಿಂತಿತ್ತು.

ಅದು ಕುಸಿದದ್ದು ಒಂದು ಭಾನುವಾರ ಬೆಳಿಗ್ಗೆ.

ಮಗಳ ಅಪ್ಪ ಪಾಳಿಗೆ ಹೋಗಿದ್ದರು. ಬಟ್ಟೆ ಹರವಿ ಒಳಗೆ ಬಂದರೆ, ಒಂದೂವರೆ ವರ್ಷದ ಮಗಳು ನಾಯಿಯ ಬಟ್ಟಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ, ಕೆನ್ನೆ ಎರಡೂ ಊದಿವೆ. ಬೆರಳು ಹಾಕಿ ತೆಗೆದೆ. ಕಂದು ಉಂಡೆಗಳು, ಅರ್ಧ ಅಗಿದವು. ಮೂಲೆಯಲ್ಲಿ ಮಲಗಿದ್ದ ಸೋಮಾರಿ ತಲೆಯೆತ್ತಲಿಲ್ಲ. ಆಗ ನೆನಪಾಯಿತು: ಹಿಂದಿನ ದಿನ ಹೊಸ ಚೀಲ ಬಿಚ್ಚಿ ಹಾಕಿದಾಗ ಅವನು ಆ ಬಟ್ಟಲನ್ನು ಒಮ್ಮೆ ಮೂಸಿ ಹೊರಟುಹೋಗಿದ್ದ. ಸೊಕ್ಕು ಅಂದುಕೊಂಡು ನಾನು ಬಟ್ಟಲನ್ನು ಅಲ್ಲೇ ಬಿಟ್ಟಿದ್ದೆ.

ಮಗಳನ್ನೂ ಚೀಲವನ್ನೂ ಎತ್ತಿಕೊಂಡು ಎದುರು ಬಾಗಿಲು ತಟ್ಟಿದೆ. ಅಕ್ಕ ನಗುತ್ತಲೇ ತೆರೆದರು.

“ಏನು, ಇವತ್ತು ಯಾವ ಬೇರು?”

“ಇವಳು ತಿಂದುಬಿಟ್ಟಳು ಅಕ್ಕ. ನಾಯಿ ಮುಟ್ಟಿಲ್ಲ, ಇವಳು ತಿಂದಿದಾಳೆ. ಏನೂ ಆಗಲ್ಲ ಅಲ್ವಾ? ನೀವು ನೋಡಿದ್ದೇ ಅಲ್ವಾ?”

ನಾಯಿ ಮುಟ್ಟಿಲ್ಲ ಅಂದ ಕೂಡಲೇ ಅವರ ನಗು ನಿಂತಿತು. ಚೀಲವನ್ನು ಕಿತ್ತುಕೊಂಡು ಅದರ ಅಂಚಿನಲ್ಲಿ ಒತ್ತಿದ್ದ ತಾರೀಖನ್ನು ಬೆಳಕಿಗೆ ಹಿಡಿದು ಓದಿದರು: ಹಿಂದಿನ ಶುಕ್ರವಾರದ್ದು. ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ಹಾಕಿಕೊಂಡರು. ಅವರ ಮುಖವನ್ನೇ ನೋಡುತ್ತ ನಿಂತೆ.

“ಹೇಳಿ ಅಕ್ಕ. ಕಹಿ ಇದೆಯಾ?”

“ನಂಗೆ ಗೊತ್ತಾಗಲ್ಲ,” ಅಂದರು.

“ಗೊತ್ತಾಗಲ್ಲ ಅಂದ್ರೆ?”

“ಎರಡು ತಿಂಗಳಾಯ್ತು. ಜ್ವರ ಬಂದು ಮಲಗಿದ್ನಲ್ಲ, ಅವತ್ತಿಂದ. ವಾಸನೆ ಅರ್ಧ ವಾಪಸ್ ಬಂತು. ರುಚಿ ಬರಲೇ ಇಲ್ಲ. ಬಾಯಲ್ಲಿ ಹತ್ತಿ ತುಂಬಿದ ಹಾಗಿದೆ.”

 ಅಕ್ಕ ಉಳಿದದ್ದನ್ನು ಗಡಿಬಿಡಿಯಲ್ಲಿ ಹೇಳಿದರು. ಕೆಲಸ ಹೋಗುತ್ತದೆಂದು ಯಾರಿಗೂ ತಿಳಿಸಿರಲಿಲ್ಲ. ಪ್ರತಿ ಮೂಟೆಯ ಐದೈದು ಕಾಳನ್ನು ಕಾಗದದಲ್ಲಿ ಕಟ್ಟಿ, ನಂಬರು ಹಾಕಿ, ಸಂಜೆ ಮನೆಗೆ ತರುತ್ತಿದ್ದರು. ಅತ್ತೆ ಅಗಿದು ಸಿಹಿ, ಕಹಿ ಹೇಳುತ್ತಿದ್ದರು. ಮರುದಿನ ಅಕ್ಕ ಮೂಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಕಾಳನ್ನು ಒಂದು ರಾತ್ರಿ ಇಟ್ಟು ನೋಡಿದರೆ ಒಳ್ಳೆಯದು ಎಂದು ಯಜಮಾನರಿಗೆ ಹೇಳಿದ್ದರಂತೆ. ಎಷ್ಟು ಜೋಪಾನದ ಹೆಂಗಸು ಎಂದು ಅವರು ಮೆಚ್ಚಿಕೊಂಡಿದ್ದರು.

ಅತ್ತೆಯ ನಾಲಿಗೆ ಸಾಮಾನ್ಯದ್ದಲ್ಲ, ಅದು ನಮಗೆಲ್ಲ ಗೊತ್ತು. ಬೇಳೆಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಆ ಮುದುಕಿಯ ಧ್ವನಿ ಮೂರನೇ ಮಹಡಿಗೆ ಕೇಳುತ್ತಿತ್ತು. ‘ನಮ್ಮತ್ತೆ ತಪ್ಪು ಹುಡುಕೋಕೆ ಕೂತ್ರೆ ನೀರಲ್ಲೂ ಸೀದ ವಾಸನೆ ಹಿಡೀತಾರೆ’ ಎಂದು ಅಕ್ಕನೇ ನಗುತ್ತಿದ್ದರು.

ಆ ಅತ್ತೆ ಒಳಗೆ ಕಿಟಕಿಯ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು.

“ಅತ್ತೆ, ಹಿಂದಿನ ಗುರುವಾರ ಹನ್ನೆರಡು ಪೊಟ್ಟಣ ತಂದಿದ್ದೆ. ಎಲ್ಲಾ ಸಿಹಿ ಅಂದ್ರಿ.”

“ಅಂದೆ.”

“ಎಲ್ಲಾನೂ ನೋಡಿದ್ರಾ?”

“ನೋಡ್ದೆ ಹೇಳ್ತೀನಾ? ಇದೇನು ಕೋರ್ಟಾ?” ಎಂದವರು ತಲೆಯೆತ್ತಿ ನನ್ನ ತೋಳಲ್ಲಿದ್ದ ಮಗುವನ್ನು ನೋಡಿದರು. ಅದರ ಗಲ್ಲಕ್ಕೆ ಅಂಟಿದ್ದ ಕಂದು ಪುಡಿಯನ್ನೂ ನೋಡಿದರು. ಕೈಯಲ್ಲಿದ್ದ ಸೊಪ್ಪು ಜಾರಿತು.

“ಒಂಬತ್ತನೇದು ಕಹಿ ಇತ್ತು.”

ಅಕ್ಕ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟರು.

“ಅವತ್ತು ನೀನು ಬಂದಾಗ ಮುಖ ಹೇಗಿತ್ತು ಅಂತ ನಿಂಗೆ ಗೊತ್ತಾ? ಇನ್ನೊಂದು ಮೂಟೆ ವಾಪಸ್ ಹೋದ್ರೆ ಕಾಳಿನವನು ಸರಕೇ ಕೊಡಲ್ಲ, ಯಜಮಾನರು ಕಿರುಚಿದರು ಅಂತ ನೀನು ಅಳ್ತಾ ಇದ್ದೆ. ಊಟಾನೂ ಮಾಡ್ಲಿಲ್ಲ. ಇಷ್ಟು ವರ್ಷ ನಿನ್ನ ಎಲ್ಲದರಲ್ಲೂ ಹುಳುಕು ತೆಗೆದಿದೀನಿ. ಒಂದು ದಿನ ಬೇಡ ಅನ್ನಿಸ್ತು. ಐದರಲ್ಲಿ ಎರಡೇ ಕಾಳು ಕಹಿ. ನಾಯಿ ತಾನೇ ತಿನ್ನೋದು, ಅಂದ್ಕೊಂಡೆ.”

ನಾನು ಏನೋ ಅನ್ನಲು ಹೊರಟೆ; ಅಕ್ಕ ಅಷ್ಟರಲ್ಲಿ ಚಪ್ಪಲಿ ಮೆಟ್ಟಿ, ನಮ್ಮ ಮನೆಗೆ ನುಗ್ಗಿ, ನಾಯಿಯ ಬಟ್ಟಲನ್ನೂ ಅಳತೆಯ ಲೋಟವನ್ನೂ ಎತ್ತಿಕೊಂಡು ಬಂದರು. ಹೊರಡುವಾಗ ಅತ್ತೆ ಅವರ ಸೆರಗು ಹಿಡಿದರು. “ಮಗೂಗೆ ಏನೂ ಆಗ್ಲಿಲ್ಲ ಅಂದ್ರೆ ಯಜಮಾನರ ಹತ್ರ ಬಾಯಿ ಬಿಡಬೇಡ. ನಮ್ಮಿಬ್ಬರ ಅನ್ನದ ಮಾತು.” ಅಕ್ಕ ಸೆರಗು ಬಿಡಿಸಿಕೊಂಡರು.

ಮಕ್ಕಳ ಡಾಕ್ಟರ ಕ್ಲಿನಿಕ್ ಎರಡು ಬೀದಿ ಆಚೆ. ಓಡುತ್ತಲೇ ಹೋದೆವು. ನನ್ನ ತೋಳು ಸೋತಾಗ ಅಕ್ಕ ಮಗುವನ್ನು ಎತ್ತಿಕೊಂಡರು. ಮಗುವನ್ನು ಅವರಿಂದ ಕಿತ್ತುಕೊಳ್ಳಬೇಕೆನಿಸಿತು, ಆದರೆ ಅವಳು ಅವರ ಹೆಗಲಿಗೇ ಕೆನ್ನೆ ಒತ್ತಿಕೊಂಡಿದ್ದಳು. ನನಗೆ ಏದುಸಿರು.

ಡಾಕ್ಟರು ಕೇಳಿದ್ದಕ್ಕೆಲ್ಲ ನನ್ನ ಬಾಯಲ್ಲಿ ಅಳು ಮಾತ್ರ ಬರುತ್ತಿತ್ತು. ಉತ್ತರ ಕೊಟ್ಟವರು ಅಕ್ಕ. ಕಾಳಿನ ಹೆಸರು, ಜಾತಿ. ನೂರು ಪಾಲಿನಲ್ಲಿ ಎಂಟು ಪಾಲು ಅದರ ಹಿಟ್ಟು. ಹನ್ನೆರಡು ಮೂಟೆಯಲ್ಲಿ ಒಂದು ಕಲಬೆರಕೆ. ನಾಯಿಗೆ ಹಾಕಿದ್ದು ತುಂಬಿದ ಒಂದು ಲೋಟ ಎಂದು ನಾನು ಹೇಳಿದ್ದಕ್ಕೆ, ಬಟ್ಟಲಲ್ಲಿ ಉಳಿದದ್ದನ್ನು ಮೇಜಿನ ಮೇಲೆಯೇ ಮತ್ತೆ ಲೋಟಕ್ಕೆ ಸುರಿದು ತೋರಿಸಿದರು.

“ಇಷ್ಟು ಕಡಿಮೆ ಇದೆ ಸಾರ್. ಇಪ್ಪತ್ತು ಉಂಡೆ ಇರಬಹುದು. ಅದರಲ್ಲೂ ಅರ್ಧ ಇವರು ಬಾಯಿಂದ ತೆಗೆದಿದಾರೆ.”

“ಹಾಗಿದ್ರೆ ಹೊಟ್ಟೆಗೆ ಹೋಗಿರೋದು ಬಹಳ ಸಣ್ಣ ಪ್ರಮಾಣ,” ಅಂದರು ಡಾಕ್ಟರು.

ನನಗೆ ಉಸಿರು ಬಂತು. ಅಕ್ಕ ಅಲ್ಲಿಗೇ ಸುಮ್ಮನಾಗಬಹುದಿತ್ತು.

“ಆದ್ರೆ ಸಾರ್, ಹಿಟ್ಟು ಎಲ್ಲ ಕಡೆ ಸಮವಾಗಿ ಬೆರೆತಿರುತ್ತೆ ಅಂತ ನಾನು ಹೇಳಲಾರೆ. ಒಂದೊಂದು ಚೀಲದಲ್ಲಿ ಹೆಚ್ಚು ಸೇರಿರಬಹುದು. ನಾಯಿ ಮೂಸಿ ಬಿಟ್ಟಿದೆ.”

ಡಾಕ್ಟರು ಅವರನ್ನು ಒಂದು ಕ್ಷಣ ನೋಡಿ, ದೊಡ್ಡಾಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದರು. ಆಮೇಲೆ, ಕೆಲವು ಗಂಟೆ ಮಗು ಇಲ್ಲೇ ಕಣ್ಣೆದುರು ಇರಲಿ ಅಂದರು. ವಾಂತಿ, ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಇವುಗಳಲ್ಲಿ ಒಂದು ಕಂಡರೂ ಆಂಬುಲೆನ್ಸ್. ಅರ್ಧ ಗಂಟೆಗೊಮ್ಮೆ ನರ್ಸು ಬಂದು ಸಣ್ಣ ಟಾರ್ಚು ಹಾಕುತ್ತಿದ್ದಳು. ಆ ನಡುವೆ ನಾನು ಎಷ್ಟು ಸಲ ಮಗಳ ರೆಪ್ಪೆ ಎತ್ತಿ ನೋಡಿದೆನೋ. ಹಿಗ್ಗಿದೆಯಾ, ಮೊದಲಿಂದಲೂ ಇಷ್ಟೇ ಇತ್ತಾ? ಹೆತ್ತ ಮಗಳ ಪಾಪೆಯ ಅಳತೆ ನನಗೆ ಗೊತ್ತಿರಲಿಲ್ಲ.

ಎರಡನೇ ಸಲ ಟಾರ್ಚು ಹಾಕಿ ನರ್ಸು ಹೋದ ಮೇಲೆ ಅಕ್ಕ ಬೆಂಚಿನ ತುದಿಗೆ ಸರಿದು ಫೋನು ತೆಗೆದರು. ಮಗು ಪಾರಾಯಿತು ಎಂದು ಇನ್ನೂ ಯಾರೂ ಹೇಳಿರಲಿಲ್ಲ. ಫೋನು ಮಾಡಿ ಎಂದು ನಾನೂ ಕೇಳಿರಲಿಲ್ಲ.

“ಯಜಮಾನ್ರೇ, ಹಿಂದಿನ ಶುಕ್ರವಾರದ ಮಾಲು ನಿಲ್ಲಿಸಿ. ಅಂಗಡಿಗೆ ಹೋಗಿರೋದನ್ನೂ ವಾಪಸ್ ತರಿಸಿ.”

ಆ ಕಡೆಯ ಧ್ವನಿ ನನಗೂ ಕೇಳಿಸುತ್ತಿತ್ತು. “ಏನಮ್ಮ ಇದು, ಭಾನುವಾರ ಬೆಳಿಗ್ಗೆ? ನೀನೇ ತಾನೇ ಗೆರೆ ಹಾಕಿದ್ದು?”

“ಹೌದು. ಒಂಬತ್ತನೇ ಮೂಟೆ ಕಹಿ.”

“ಅಗಿದು ನೋಡಿ ತಾನೇ ಹಾಕಿದ್ದು?”

“ಇಲ್ಲ ಯಜಮಾನ್ರೇ. ನನ್ನ ಬಾಯಿ ಸತ್ತು ಎರಡು ತಿಂಗಳಾಯ್ತು.”

 ಆ ಕಡೆಯಿಂದ ಬಂದ ಪ್ರಶ್ನೆ ಒಂದೇ. “ಎರಡು ತಿಂಗಳು ಯಾರ ಬಾಯಿ ಅದು?”

ಅಕ್ಕ ಕಣ್ಣು ಮುಚ್ಚಿದರು. “ಯಾರದಾದ್ರೂ ಆಗ್ಲಿ, ಗೆರೆ ನಂದು. ಆ ಎರಡು ತಿಂಗಳ ಲುಪಿನ್ನು ಎಷ್ಟು ಉಳಿದಿದ್ಯೋ ಅಷ್ಟನ್ನೂ ಬೇರೆ ಇಡ್ಸಿ, ಪರೀಕ್ಷೆಗೆ ಕಳಿಸಿ. ಮೊದಲು ಶುಕ್ರವಾರದ ಮಾಲು. ಒಂದು ಮಗು ತಿಂದಿದೆ. ನಾನು ಅದರ ಪಕ್ಕದಲ್ಲೇ ಕೂತಿದೀನಿ.”

ಮಧ್ಯಾಹ್ನ ಎರಡರ ಹೊತ್ತಿಗೆ ಮಗಳು ಹಸಿವೆಂದು ರಚ್ಚೆ ಹಿಡಿದಳು. ಅಷ್ಟು ಸೊಗಸಾದ ಅಳುವನ್ನು ನಾನು ಕೇಳಿರಲಿಲ್ಲ. ಡಾಕ್ಟರು ಮತ್ತೊಮ್ಮೆ ನೋಡಿ ಮನೆಗೆ ಕಳಿಸಿದರು. ದಾರಿಯಲ್ಲಿ ನಾನು ಅಕ್ಕನೊಂದಿಗೆ ಮಾತಾಡಲಿಲ್ಲ. ಮನೆ ತಲುಪಿದ ಮೇಲೂ ಮೂರು ದಿನ ಮಾತಾಡಲಿಲ್ಲ. ಎದುರು ಮನೆಯಲ್ಲೂ ಧ್ವನಿಯಿರಲಿಲ್ಲ. ಉಪ್ಪಿನ ಜಗಳ ಕೂಡ ಇಲ್ಲ.

ಕಾರ್ಖಾನೆಯಲ್ಲಿ ಅಕ್ಕನನ್ನು ಮೂಟೆಗಳ ಬಳಿಯಿಂದ ಎಬ್ಬಿಸಿದರು. ಈಗ ಕಾಳು ಪ್ರಯೋಗಾಲಯಕ್ಕೆ ಹೋಗುತ್ತದಂತೆ. ಅಕ್ಕನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಯಜಮಾನರು ಇನ್ನೂ ಹೇಳಿಲ್ಲ. ಅಕ್ಕನೇ ಕೇಳಿಕೊಂಡು ಸರಕು ಸಾಗಿಸುವ ವ್ಯಾನಿನಲ್ಲಿ ಡ್ರೈವರ ಪಕ್ಕ ಕೂತು, ಅಂಗಡಿ ಅಂಗಡಿಗೂ ಹೋಗಿ ಆ ದಿನದ ಮಾಲನ್ನು ವಾಪಸ್ಸು ತಂದರು. ಎಪ್ಪತ್ತಾರು ಚೀಲ ಹೊರಗೆ ಹೋಗಿದ್ದವು. ಅಂಗಡಿಗಳಲ್ಲಿ ಎಪ್ಪತ್ತೊಂದು ಸಿಕ್ಕವು. ಮಾರಿಹೋದ ಐದರಲ್ಲಿ ಒಂದು ನಮ್ಮ ಬೀದಿಯ ತುದಿಯ ಮನೆಯಲ್ಲೇ ಸಿಕ್ಕಿತು, ಹೊಲಿಗೆ ಕೂಡ ಬಿಚ್ಚಿರಲಿಲ್ಲ. ಮೂರು ಮನೆಗಳನ್ನು ಅಂಗಡಿಯವರು ನೆನಪು ಮಾಡಿಕೊಂಡು ತೋರಿಸಿದರು. ಒಂದು ಮನೆಯ ನಾಯಿ ವಾಂತಿ ಮಾಡಿಕೊಂಡು ಪಶುವೈದ್ಯರ ಹತ್ತಿರ ಹೋಗಿಬಂದಿತ್ತು. ಆ ಮನೆಯವರು ಬೈದದ್ದನ್ನು ಅಕ್ಕ ನಿಂತು ಪೂರ್ತಿ ಕೇಳಿಸಿಕೊಂಡರೆಂದು ಡ್ರೈವರು ಹೇಳಿದ.

ಕೊನೆಯ ಚೀಲ ಕೊಂಡವರ ವಿಳಾಸ ಯಾರಿಗೂ ಗೊತ್ತಿರಲಿಲ್ಲ. ನೀಲಿ ಸ್ಕೂಟರಿನ ಹೆಂಗಸು, ಎರಡು ನಾಯಿ, ಶನಿವಾರ ಬರುತ್ತಾರೆ ಎಂದಷ್ಟೇ ಅಂಗಡಿಯವನು ಹೇಳಿದ್ದ. ಆ ಶನಿವಾರ ಅಕ್ಕ ಮೆಟ್ಟಿಲಿಳಿಯುವಾಗ ನಾನೂ ಮಗಳನ್ನು ಎತ್ತಿಕೊಂಡು ಹಿಂದೆಯೇ ಇಳಿದೆ. ಯಾಕೆಂದು ಅವರು ಕೇಳಲಿಲ್ಲ. ಅಂಗಡಿಯ ಮುಂದಿನ ಜಗಲಿಯ ಮೇಲೆ ಇಬ್ಬರೂ ಕೂತೆವು. ಹನ್ನೊಂದೂವರೆಗೆ ಸ್ಕೂಟರ್ ಬಂತು.

“ಅಮ್ಮ, ಹೋದ ವಾರ ತಗೊಂಡ ಚೀಲ ಬಿಚ್ಚಿದ್ರಾ?”

“ಬಿಚ್ಚಿದೀನಿ. ಯಾಕೆ, ನೀವ್ಯಾರು?”

“ಅದರ ಕಾಳು ನೋಡಿ ಒಳಗೆ ಬಿಟ್ಟೋಳು. ತಪ್ಪು ಮಾಡಿದೀನಿ. ನಿಮ್ಮ ನಾಯಿಗಳು ಹೇಗಿವೆ?”

ಆ ಹೆಂಗಸು ಹೆಲ್ಮೆಟ್ ತೆಗೆದರು. “ದೊಡ್ಡದು ಅದನ್ನ ಮುಟ್ಟೋದೇ ಇಲ್ಲ. ಚಿಕ್ಕದು ಎರಡು ದಿನದಿಂದ ಮಂಕಾಗಿದೆ.”

“ಕಾಯೋದು ಬೇಡ, ಈಗಲೇ ಡಾಕ್ಟರ ಹತ್ರ ಹೋಗೋಣ,” ಎಂದು ಅಕ್ಕ ಸ್ಕೂಟರಿನ ಹಿಂದೆ ಹತ್ತಿ ಕೂತರು. “ಅದರಲ್ಲಿ ಏನೇನು ಎಷ್ಟೆಷ್ಟು ಹಾಕಿದೀವಿ ಅಂತ ನಾನೇ ಹೇಳ್ತೀನಿ. ನಡೀರಿ.”