ವೆಲ್ಡಾಳ ‘ಹೂಂ’

ವೆಲ್ಡಾ ಸ್ಟೌಡರ್ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಐವತ್ತು ಮಕ್ಕಳ ಗದ್ದಲದ ನಡುವೆ ದನಿ ಎತ್ತದೆ ಮಾತು ಮುಟ್ಟಿಸುವ ವಿದ್ಯೆ ಅವಳಿಗೆ ಬಂದದ್ದು ಅಲ್ಲಿ. ಆ ವಿದ್ಯೆ ನಿಜವಾಗಿ ಕೆಲಸಕ್ಕೆ ಬಂದದ್ದು ಮಾತ್ರ ಊರಾಚೆ, ಸೋಯಾ ಹೊಲಗಳ ನಡುವೆ ಆಟದ ವಿಮಾನದ ಕ್ಲಬ್ಬಿನವರು ಹುಲ್ಲು ಕತ್ತರಿಸಿ ಇಟ್ಟುಕೊಂಡ ಮೈದಾನದಲ್ಲಿ, ಗಂಡ ಹಾರ್ಲನ್‌ನ ಬೆನ್ನ ಹಿಂದೆ.

ಹಾರ್ಲನ್ ಗಿಯರ್ ಚಕ್ರ ಮಾಡುವ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತನಾದವನು. ರಿಮೋಟಿನಲ್ಲಿ ಹಾರುವ ವಿಮಾನ ಕಟ್ಟುವುದು ಅವನ ಹುಚ್ಚು. ಅದರಲ್ಲೂ ನಿಧಾನಕ್ಕೆ ತೇಲುವಂಥವು, ಚಂದಕ್ಕೆ ಪಲ್ಟಿ ಹೊಡೆಯುವಂಥವು ಅವನಿಗೆ ಸೇರವು. ನಾಲ್ಕಡಿ ರೆಕ್ಕೆ, ನಾಲ್ಕು ಪೌಂಡು ತೂಕ, ಗಂಟೆಗೆ ನೂರೈವತ್ತು ಮೈಲಿ. ಅದಕ್ಕಿಂತ ಕಡಿಮೆ ಹೋಗುವುದನ್ನೆಲ್ಲ ಅವನು ಗಾಳಿಪಟ ಎನ್ನುತ್ತಿದ್ದ.

ಇಂಥ ವಿಮಾನಗಳ ಓಟಕ್ಕೆ ಮೂರು ಕಂಬ. ಎರಡು ಹತ್ತಿರ, ಒಂದು ನಾನೂರು ಅಡಿ ದೂರ. ನಾಲ್ಕು ವಿಮಾನ ಒಂದರ ಹಿಂದೊಂದು ಎದ್ದು ಆ ಕಂಬಗಳ ಸುತ್ತ ಎಡಕ್ಕೆ ಹತ್ತು ಸುತ್ತು ಹಾಕಬೇಕು. ಕಂಬ ದಾಟದೆ ಒಳಗಿಂದಲೇ ತಿರುಗಿದರೆ ತಪ್ಪು, ಎರಡು ತಪ್ಪಾದರೆ ಆ ಓಟ ಸೊನ್ನೆ. ದಾಟಿ ಹೆಚ್ಚು ಮುಂದೆ ಹೋದರೆ ಹಿಂದಿನವನು ಮುಂದಾಗುತ್ತಾನೆ. ಹಾರಿಸುವವನ ಕಣ್ಣು ವಿಮಾನದ ಮೇಲೆಯೇ ಇರಬೇಕಾದ್ದರಿಂದ, ದೂರದ ಕಂಬ ಬಂತೆಂದು ಹೇಳಲು ಬೆನ್ನ ಹಿಂದೆ ಒಬ್ಬರು ನಿಲ್ಲುತ್ತಾರೆ. ಅವರಿಗೆ ಕೂಗುವವರು ಎಂದೇ ಹೆಸರು. ಹೆಸರಿಗೆ ತಕ್ಕಂತೆ ಎಲ್ಲರೂ ‘ತಿರುಗು’ ಎಂದು ಗಂಟಲು ಹರಿಯುವಂತೆ ಕೂಗುತ್ತಾರೆ. ನಾಲ್ಕು ಜನ ಒಂದೇ ಮಾತು ಕೂಗಿದರೆ ಯಾರ ತಿರುಗು ಯಾರಿಗೆ? ಮೊದಲ ವರ್ಷವೇ ಹಾರ್ಲನ್ ಪಕ್ಕದವನ ಹೆಂಡತಿಯ ಮಾತು ಕೇಳಿ ತಿರುಗಿಸಿ ಸೊನ್ನೆ ತಂದುಕೊಂಡ. ಅಂದು ಮನೆಗೆ ಹೋಗುವಾಗ ವೆಲ್ಡಾ ಹೇಳಿದಳು: “ಇನ್ಮೇಲೆ ನಾನು ಕೂಗಲ್ಲ. ಕಿವಿ ಹತ್ರ ಹೂಂ ಅಂತೀನಿ. ಆ ಹೂಂ ನಿನಗೊಬ್ಬನಿಗೇ.”

ಮೂವತ್ತೊಂದು ವರ್ಷದಿಂದ ಅದೇ ನಡೆದುಬಂದಿತ್ತು. ವಿಮಾನದ ಎಂಜಿನ್ನು ಕಿರುಚತೊಡಗಿದಾಗ ಅದನ್ನು ಹಿಡಿದು ಕೂರುವವಳು, ಓಟ ಶುರುವೆಂದು ಧ್ವಜ ಇಳಿಸಿದಾಗ ಬಿಡುವವಳು, ಬಿಟ್ಟೊಡನೆ ಓಡಿಬಂದು ಗಂಡನ ಬಲ ಭುಜದ ಹಿಂದೆ ನಿಲ್ಲುವವಳು ವೆಲ್ಡಾ. ಅವಳ ಹೆಲ್ಮೆಟ್ಟಿಗೂ ಅಂಗಿಗೂ ಇಂಧನದ ಹರಳೆಣ್ಣೆ ವಾಸನೆ ಹತ್ತಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಆದರೆ ಅವಳು ಹೂಂ ಎಂದ ಮಾತ್ರಕ್ಕೆ ಹಾರ್ಲನ್ ತಿರುಗಿಸಿಬಿಡುತ್ತಿದ್ದ ಎಂದುಕೊಂಡರೆ ತಪ್ಪು. ಹೂಂ ಅವನಿಗೆ ಬರೀ ಸಲಹೆ. ಕೇಳಿಸಿಕೊಳ್ಳುತ್ತಿದ್ದ, ತನ್ನ ಕಣ್ಣಿನ ಜೊತೆ ತಾಳೆ ನೋಡುತ್ತಿದ್ದ, ಆಮೇಲೆ ಒಂದು ಕೂದಲೆಳೆ ತಡವಾಗಿ ತನ್ನಿಷ್ಟ ಬಂದಂತೆ ತಿರುಗಿಸುತ್ತಿದ್ದ. ಹೀಗಾಗಿ ಪ್ರತಿ ಓಟದ ನಂತರ ಪಿಕಪ್ಪಿನಲ್ಲಿ ಮನೆ ತನಕ ಕೋಳಿ ಜಗಳ.

“ಬೇಗ ಹೇಳಿದೆ ನೀನು.”

“ಸರಿಯಾಗೇ ಹೇಳಿದೆ. ನೀನು ಕಂಬ ದಾಟಿ ಪಕ್ಕದ ಕೌಂಟಿಗೆ ಹೋಗಿ ತಿರುಗಿಸಿದೆ.”

“ಹಾರಿಸೋನು ಯಾರು, ನಾನೋ ನೀನೋ?”

“ಬುದ್ಧಿ ಇರೋರು ಯಾರು ಅಂತ ಕೇಳು, ಹೇಳ್ತೀನಿ.”

ಇಷ್ಟು ವರ್ಷದಲ್ಲಿ ಹಾರ್ಲನ್ ಮೂರನೆಯವನಾದ, ಎರಡು ಸಲ ಎರಡನೆಯವನಾದ, ಋತುವಿನ ಎಲ್ಲ ಓಟಗಳ ಅಂಕ ಕೂಡಿಸಿ ಕೊನೆಗೆ ಕೊಡುವ ಗೆಲುವಿನ ಬಟ್ಟಲು ಮಾತ್ರ ಅವನ ಕೈಗೆ ಬರಲಿಲ್ಲ. ಬಂದದ್ದು ವಿಮಾನ ಕಟ್ಟುವುದರಲ್ಲಿ ಹೆಸರು. ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಎಂಬ ಮಾತು ಆ ಮೈದಾನದಲ್ಲಿ ಎಲ್ಲರ ಬಾಯಲ್ಲೂ ಇದೆ. ತೂಕದ ಸಮತೋಲ ನೋಡಲು ಉಳಿದವರು ಕಟ್ಟಿಗೆಯ ಸ್ಟ್ಯಾಂಡು ಮಾಡಿಕೊಂಡಿದ್ದರು. ಹಾರ್ಲನ್ ಟ್ಯಾಂಕು ಖಾಲಿ ಮಾಡಿ, ರೆಕ್ಕೆಯ ಕೆಳಗೆ ಎರಡೂ ಕೈಯ ಒಂದೊಂದು ಬೆರಳಿಟ್ಟು ಎತ್ತಿ, ಉಸಿರು ಹಿಡಿದು ನಿಲ್ಲುತ್ತಿದ್ದ. ಮೂಗಿಗೆ ಒಂದು ಚೂರು ಸೀಸ ಬೇಕೋ ಬೇಡವೋ ಬೆರಳೇ ಹೇಳುತ್ತಿತ್ತು. ಆಮೇಲೆ ಮೂಗು ಬಾಲ ಎರಡಕ್ಕೂ ದಾರ ಕಟ್ಟಿ ತೂಗುಹಾಕಿ, ಯಾವ ರೆಕ್ಕೆ ಹಗುರವೋ ಅದರ ತುದಿಯೊಳಗೆ ಒಂದು ಸಣ್ಣ ಮೊಳೆ ತುರುಕುತ್ತಿದ್ದ.

ಈ ಬೇಸಿಗೆಯಲ್ಲಿ ಹಾರ್ಲನ್ ಗೆಲ್ಲತೊಡಗಿದ. ಮೇ ತಿಂಗಳ ಓಟ ಗೆದ್ದ, ಜೂನಿನದು ಗೆದ್ದ, ಜುಲೈಯಲ್ಲಿ ತನ್ನ ಎಲ್ಲ ವರ್ಷಗಳಿಗಿಂತ ಕಡಿಮೆ ಸಮಯದಲ್ಲಿ ಹತ್ತು ಸುತ್ತು ಮುಗಿಸಿದ. ಸೆಪ್ಟೆಂಬರಿನ ಕೊನೆಯ ಓಟದಲ್ಲಿ ಮೊದಲ ಮೂವರಲ್ಲಿ ಬಂದರೂ ಸಾಕು, ಬಟ್ಟಲು ಅವನದೇ. ಕಾರಣವೂ ಎಲ್ಲರಿಗೂ ಕಾಣುತ್ತಿತ್ತು. ದೂರದ ಕಂಬದಲ್ಲಿ ಅವನ ವಿಮಾನ ವೆಲ್ಡಾ ಬಾಯಿ ತೆರೆದ ಕ್ಷಣಕ್ಕೇ ತಿರುಗುತ್ತಿತ್ತು.

ಓಟಗಳನ್ನು ನಡೆಸುವ ರಾಸ್ಕೋ ಎಂಬವನು ಕ್ಲಬ್ಬಿನ ಹಳೆಯ ಗೆಳೆಯ, ನಾಲಗೆಗೆ ಮೂಳೆಯಿಲ್ಲದವನು. ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ ಕಚ್ಚುತ್ತ ಎಲ್ಲರಿಗೂ ಕೇಳುವಂತೆ ಅಂದ: “ಏನಮ್ಮಾ ವೆಲ್ಡಾ, ಕಾಫೀಲಿ ಏನ್ ಬೆರೆಸಿ ಕೊಡ್ತಿದೀಯ ಇವನಿಗೆ? ನಮ್ಮನೇವ್ಳಿಗೆ ಮಾತ್ರ ಹೇಳಿಕೊಡಬೇಡ ಮತ್ತೆ. ಮೂವತ್ತು ವರ್ಷಕ್ಕೆ ಗಂಡ ಪಳಗಿದ ಅಂದ್ರೆ ಸಾಮಾನ್ಯ ಔಷಧಿ ಅಲ್ಲ ಅದು.”

ಎಲ್ಲರೂ ನಕ್ಕರು. ವೆಲ್ಡಾಳೂ ನಕ್ಕಳು. ಸುಳ್ಳು ಯಾಕೆ, ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಇಷ್ಟು ದಿನಕ್ಕೆ ನನ್ನ ಮಾತಿಗೆ ಬೆಲೆ ಬಂತಲ್ಲ ಎಂದುಕೊಂಡಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಜಗಳವೂ ಇರಲಿಲ್ಲ. ಹಾರ್ಲನ್ ಕಿಟಕಿಯ ಕಡೆ ತಲೆ ಒರಗಿಸಿ ಕೂತಿರುತ್ತಿದ್ದ. ಬೆನ್ನುನೋವು ಎಂದು ಏಪ್ರಿಲ್‌ನಿಂದ ಪಿಕಪ್ಪು ಓಡಿಸುತ್ತಿದ್ದವಳು ಅವಳೇ.

ಹಿಗ್ಗು ಹೆಚ್ಚು ದಿನ ಬಾಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವಾಗ ಇವನದು ಹೋಯಿತು ಹೇಗೆ? ಆಗಸ್ಟಿನ ಒಂದು ಸಂಜೆ ಅವಳು ಗ್ಯಾರೇಜಿಗೆ ಕಾಫಿ ಒಯ್ದಾಗ ಹಾರ್ಲನ್ ಹೊಸ ರೆಕ್ಕೆಗೆ ಬಣ್ಣ ಹೊಡೆಯುತ್ತಿದ್ದ. ಮೇಲೆ ಕಡು ಕಿತ್ತಳೆ, ಅಡಿಯಲ್ಲಿ ಅಗಲವಾದ ಕಪ್ಪು ಪಟ್ಟೆಗಳು. ಹೋದ ವರ್ಷದ ವಿಮಾನದಲ್ಲಿ ಎರಡು ಬೆರಳಿನಷ್ಟಿದ್ದ ಪಟ್ಟೆ ಈಗ ಅಂಗೈ ಅಗಲ ಆಗಿತ್ತು. ಬಣ್ಣ ಒಂದು ಕಡೆ ಇಳಿದು ತೊಟ್ಟಿಕ್ಕುತ್ತಿತ್ತು. ಹಾರ್ಲನ್ ಅದನ್ನು ಒರೆಸಲಿಲ್ಲ. ಅವನು ಅದರ ಕಡೆಗೇ ನೋಡುತ್ತಿದ್ದ.

“ಹಾರ್ಲನ್, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ್ವಾ?”

“ಏನಾಗಿದೆ ನನ್ನ ಕಣ್ಣಿಗೆ?”

“ಏನೂ ಆಗಿಲ್ಲ ಅಂತ ಡಾಕ್ಟರ್ ಬಾಯಲ್ಲೇ ಕೇಳೋಣ ಅಂದೆ.”

“ಬಟ್ಟಲು ಬರಲಿ. ಅಕ್ಟೋಬರ್‌ನಲ್ಲಿ ನೋಡೋಣ.”

ಹಾರ್ಲನ್‌ನನ್ನು ಅದಕ್ಕಿಂತ ಹೆಚ್ಚು ಕೇಳಿ ಪ್ರಯೋಜನವಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಆದರೆ ಆ ದಿನದಿಂದ ಅವಳ ನಿದ್ದೆ ಹಾಳಾಯಿತು. ಎರಡು ವರ್ಷದ ಹಿಂದೆ ಬೇರೊಂದು ಮೈದಾನದಲ್ಲಿ ಹಿಡಿತ ತಪ್ಪಿದ ವಿಮಾನವೊಂದು ನಿಲ್ಲಿಸಿದ್ದ ಕಾರಿನ ಬಾಗಿಲು ತೂರಿ ಸೀಟಿನಲ್ಲಿ ಸಿಕ್ಕಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸೀಟಿನಲ್ಲಿ ಯಾರೂ ಇರಲಿಲ್ಲ, ಅದು ಅದೃಷ್ಟ. ದೂರದ ಕಂಬದ ಬಳಿ ತಪ್ಪು ನೋಡಲು ಧ್ವಜ ಹಿಡಿದು ನಿಲ್ಲುವವರು ಮನುಷ್ಯರೇ. ವಿಮಾನ ಎಲ್ಲಿ ತಿರುಗಬೇಕೆಂದು ಅವಳ ಹೂಂ ಹೇಳಬಲ್ಲದು. ಪಕ್ಕದಲ್ಲಿ ಇನ್ನೊಂದು ವಿಮಾನ ಅಡ್ಡ ಬಂದರೆ ಏನು ಮಾಡಬೇಕೆಂದು ಹೇಳಲಾರದು, ಅಷ್ಟು ಹೊತ್ತೂ ಇರುವುದಿಲ್ಲ.

ಕೊನೆಯ ಓಟದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅಭ್ಯಾಸಕ್ಕೆ ಹೋದರು. ಮೈದಾನದ ಆ ತುದಿಯ ಶೆಡ್ಡಿನಲ್ಲಿ ರಾಸ್ಕೋ ಹೆಸರುಗಳ ಪಟ್ಟಿ ಬರೆಯುತ್ತಿದ್ದ. ಕಂಬಗಳ ಬಳಿ ಒಬ್ಬರೂ ಇರಲಿಲ್ಲ. ವೆಲ್ಡಾ ಅದನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡಳು.

ಕಿತ್ತಳೆ ವಿಮಾನ ಎದ್ದಿತು. ಹೊಸ ರೆಕ್ಕೆ, ಆದರೂ ಗಾಳಿಯಲ್ಲಿ ಗೆರೆ ಎಳೆದಂತೆ ಹೋಯಿತು. ಬೆರಳ ಮೇಲೆ ನಿಲ್ಲಿಸಿ ತೂಕ ಹೊಂದಿಸಿದ್ದರಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಇರಲಿಲ್ಲ. ಹತ್ತಿರದ ಕಂಬಗಳನ್ನು ಹಾರ್ಲನ್ ತಾನೇ ಸಲೀಸಾಗಿ ಸುತ್ತಿಸಿದ. ಅಲ್ಲಿ ವಿಮಾನ ದೊಡ್ಡದಾಗಿ ಕಾಣುತ್ತದೆ. ಮೊದಲ ನಾಲ್ಕು ಸುತ್ತು ವೆಲ್ಡಾ ಸರಿಯಾಗಿಯೇ ಹೂಂ ಎಂದಳು. ಐದನೆಯದರಲ್ಲಿ ಎವೆ ಬಡಿಯುವಷ್ಟು ಹೊತ್ತು ಮೊದಲೇ ಎಂದಳು. ವಿಮಾನ ತಿರುಗಿತು, ಕಂಬದ ಒಳಗಿಂದ.

ಅದು ಕಾಕತಾಳೀಯವೂ ಇರಬಹುದು ಎಂದುಕೊಂಡಳು. ಇರಲಿ ದೇವರೇ ಎಂದೂ ಬೇಡಿಕೊಂಡಳು.

ಆರನೆಯ ಸುತ್ತಿನಲ್ಲಿ ವಿಮಾನ ಇನ್ನೂ ಅರ್ಧ ದಾರಿಯಲ್ಲಿತ್ತು. ಕಂಬಕ್ಕೆ ಇನ್ನೂರು ಅಡಿ ಬಾಕಿ. ಹಳೆಯ ಹಾರ್ಲನ್ ಆಗಿದ್ದರೆ ನಿದ್ದೆಗಣ್ಣಿನಲ್ಲೂ, “ನಿನಗೇನು ತಲೆ ಕೆಟ್ಟಿದೆಯೇನೇ,” ಎನ್ನುತ್ತಿದ್ದ. ವೆಲ್ಡಾ ಎಂದಿನ ದನಿಯಲ್ಲೇ ಹೂಂ ಎಂದಳು.

ವಿಮಾನ ಅಲ್ಲೇ, ಬರೀ ಬಯಲಿನ ಮೇಲೆ, ಯಾವ ಕಂಬವೂ ಇಲ್ಲದಲ್ಲಿ ರೆಕ್ಕೆ ನೆಟ್ಟಗೆ ಮಾಡಿ ಅಂದವಾಗಿ ತಿರುಗಿತು. 

ಹಾರ್ಲನ್‌ನ ಕಣ್ಣು ಹೇಳದ್ದನ್ನು ಕಿವಿ ಹೇಳಿರಬೇಕು. ವಿಮಾನದ ಸದ್ದು ಬರಬಾರದ ಹೊತ್ತಿಗೆ ಹಿಂದಕ್ಕೆ ಬಂದಿತ್ತು. ಅವನು ಮುಂದಿನ ಸುತ್ತಿಗೆ ಹೋಗಲಿಲ್ಲ. ವಿಮಾನವನ್ನು ಮೇಲಕ್ಕೆ ಎಳೆದು, ಎಂಜಿನ್ನು ನಿಲ್ಲಿಸಿ, ಹತ್ತಿರಕ್ಕೆ ತಂದು ಹುಲ್ಲಿನ ಮೇಲೆ ಇಳಿಸಿದ. ಇಳಿಸಿದ್ದರಲ್ಲಿ ಒಂದೂ ಲೋಪ ಇರಲಿಲ್ಲ. 

“ಬೇಗ ವಾಪಸ್ ಬಂತು,” ಎಂದ ಹಾರ್ಲನ್.

“ಹೌದು.”

“ಎಲ್ಲಿ ಹೇಳಿದೆ?”

“ಅರ್ಧ ದಾರೀಲಿ.”

“ಬೇಕೂಂತ್ಲೇ?”

“ಬೇಕೂಂತ್ಲೇ. ಅದರ ಹಿಂದಿನ ಸುತ್ತಲ್ಲೂ.”

ಹಾರ್ಲನ್ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಸಿಟ್ಟು ಬಂದಿದ್ದರೆ ವೆಲ್ಡಾಗೆ ಎಷ್ಟೋ ಸುಲಭವಾಗುತ್ತಿತ್ತು. ಅವನಿಗೆ ಸಿಟ್ಟು ಬರಲಿಲ್ಲ.

“ನಡುವೆ ಒಂದು ಮಸುಕು ಕಣೇ,” ಎಂದ. “ಸುತ್ತ ಎಲ್ಲ ಕಾಣತ್ತೆ. ನೇರ ಏನನ್ನ ನೋಡ್ತೀನೋ ಅದೊಂದೇ ಇರಲ್ಲ. ಹತ್ತಿರ ಬಂದಾಗ ಅಂಚಲ್ಲಿ ಹಿಡ್ಕೋತೀನಿ. ದೂರ ಹೋದ್ರೆ ನೀನೇ.”

“ನನಗೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಹಾರಿಸೋದು ಬಿಡು ಅಂತಿದ್ದೆ.”

ಅದು ನಿಜವೇ, ಅಂತಿದ್ದಳು.

“ಇನ್ನೊಂದು ಓಟ, ವೆಲ್ಡಾ. ನಾಳೆ ಒಂದು. ಮೂರನೆಯವನಾಗಿ ಬಂದ್ರೆ ಸಾಕು. ಈ ವರ್ಷ ನಾನು ಯಾಕೆ ಗೆದ್ದೆ ಗೊತ್ತಾ? ನನಗಿಂತ ನೀನು ಸರಿಯಾಗಿ ನೋಡ್ತೀಯ. ಮೊದಲಿಂದ್ಲೂ ನೋಡ್ತಿದ್ದೆ. ಅದು ಗೊತ್ತಾಗೋಕೆ ನನಗೆ ಕಣ್ಣು ಹೋಗ್ಬೇಕಾಯ್ತು.” ಅವನು ಅವಳ ಮುಖದ ಕಡೆ ತಿರುಗಿದ. ಈಗ ಗೊತ್ತಾಗುತ್ತಿತ್ತು, ಅವನ ನೋಟ ಅವಳ ಕಣ್ಣಿಗಲ್ಲ, ಕಿವಿಯ ಪಕ್ಕಕ್ಕೆ ಬೀಳುತ್ತಿತ್ತು. “ಒಂದೇ ಒಂದು ಸಲ. ಹೂಂ ಅನ್ನು.”

ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಸಲ ಅಂದಿದ್ದಳೋ, ಲೆಕ್ಕ ಇಟ್ಟವರಿಲ್ಲ. ಅನ್ನಬೇಕೆಂದು ಅವಳಿಗೆ ಅನ್ನಿಸಿತು, ಬಹಳ ಅನ್ನಿಸಿತು. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಈ ವಿಮಾನ ಆ ಕಂಬ ತಿರುಗುವುದನ್ನು ಅವಳೂ ನೋಡಬೇಕಿತ್ತು. ಬಟ್ಟಲು ಇವನೊಬ್ಬನದಲ್ಲ, ಅವಳದೂ. ಹಾಗೆ ಅಂದುಕೊಳ್ಳುವಾಗಲೇ ನಾಳೆ ಆ ಕಂಬದ ಬುಡದಲ್ಲಿ ಧ್ವಜ ಹಿಡಿದು ನಿಲ್ಲುವವರು ಕಣ್ಣ ಮುಂದೆ ಬಂದರು.

“ಇಲ್ಲ, ಹಾರ್ಲನ್,” ಎಂದಳು.

ಹಾರ್ಲನ್ ರಿಮೋಟಿನ ಗುಂಡಿ ಒತ್ತಿ ಆರಿಸಿದ. ಅದನ್ನು ಅವಳ ಕೈಗೆ ಕೊಟ್ಟು, ಹುಲ್ಲಿನ ಮೇಲೆ ಒಬ್ಬನೇ ಶೆಡ್ಡಿನ ಕಡೆ ನಡೆದ. ವೆಲ್ಡಾ ಹಿಂದೆಯೇ ಹೋದಳು. ಅವಳಿಗೆ ಅಳು ಬರುತ್ತಿತ್ತು, ಅದನ್ನು ತಡೆಯುವ ಗೋಜಿಗೂ ಹೋಗಲಿಲ್ಲ.

ರಾಸ್ಕೋ ಪಟ್ಟಿಯಿಂದ ತಲೆ ಎತ್ತಿದ. “ಏನಪ್ಪಾ, ಆರು ಸುತ್ತಿಗೇ ಸುಸ್ತಾಯ್ತಾ? ನಾಳೆ ಹತ್ತು ಹಾಕ್ಬೇಕು.”

“ನನ್ನ ಹೆಸರು ಹೊಡೆದುಹಾಕು,” ಎಂದ ಹಾರ್ಲನ್. “ದೂರದ ಕಂಬದ ಹತ್ರ ನನಗೆ ವಿಮಾನ ಕಾಣಲ್ಲ.”

ರಾಸ್ಕೋ ಅವನನ್ನೂ, ಹಿಂದೆ ಕೆನ್ನೆ ಒದ್ದೆ ಮಾಡಿಕೊಂಡು ನಿಂತ ವೆಲ್ಡಾಳನ್ನೂ ನೋಡಿದ. “ಯಾವಾಗಿಂದ?” ಎಂದ.

“ನಾನು ಇವಳ ಮಾತು ಕೇಳೋಕೆ ಶುರು ಮಾಡಿದಾಗಿಂದ.”

ರಾಸ್ಕೋ ಪೆನ್ಸಿಲ್ ತೆಗೆದುಕೊಂಡು ಪಟ್ಟಿಯ ಮೊದಲ ಹೆಸರಿನ ಮೇಲೆ ಒಂದು ಗೆರೆ ಎಳೆದ.